ರಾಜಿ ಪತ್ರದಲ್ಲಿ ನಾಯಿಗೂ ಒಂದು ಪ್ಯಾರಾ ಇರಲಿ

ಸಂಪಾದಕರಿಗೆ,

ಮಾನ್ಯರೇ,

ಕೊಡಗಿನ ನ್ಯಾಯಾಲಯಗಳಲ್ಲಿ ಮೂವತ್ತೊಂದು ವರ್ಷ ದುಡಿದು, ಶಿರಸ್ತೇದಾರನಾಗಿ ನಿವೃತ್ತನಾದ ನಾನು ಈಗ ಸೋಮವಾರಪೇಟೆ ತಾಲ್ಲೂಕಿನ ಶಾಂತಳ್ಳಿ ಹೋಬಳಿಯಲ್ಲಿರುವ ನಮ್ಮ ನಾಲ್ಕು ಎಕರೆ ಕಾಫಿ ತೋಟವನ್ನು ನೋಡಿಕೊಂಡಿದ್ದೇನೆ. ಗಂಡ ಹೆಂಡತಿ ಪರಸ್ಪರ ಒಪ್ಪಿ ಬೇರೆಯಾಗುವ ಅರ್ಜಿಗಳು ನನ್ನ ಮೇಜಿನ ಮೇಲೆ ಎಷ್ಟೋ ಬಂದು ಹೋಗಿವೆ. ಅವುಗಳ ಜೊತೆಗಿನ ರಾಜಿ ಪತ್ರಗಳಲ್ಲಿ ಒಡವೆಯ ತೂಕ ಗ್ರಾಂ ಲೆಕ್ಕದಲ್ಲಿ ಇರುತ್ತಿತ್ತು. ಬೀರು, ಮಂಚ, ಗ್ರೈಂಡರ್, ಸ್ಕೂಟರಿನ ನೋಂದಣಿ ಸಂಖ್ಯೆ ಇರುತ್ತಿದ್ದವು. ಒಂದರಲ್ಲಂತೂ ಐದು ಲೀಟರಿನ ಕುಕ್ಕರ್ ಯಾರಿಗೆ, ಮೂರು ಲೀಟರಿನದು ಯಾರಿಗೆ ಎಂಬುದನ್ನೂ ಬರೆದಿದ್ದರು. ಮನೆಯಲ್ಲಿ ಸಾಕಿದ್ದ ನಾಯಿ ಇನ್ನು ಮುಂದೆ ಯಾರ ಬಳಿ ಇರಬೇಕು ಎಂಬ ಸಾಲನ್ನು ಮಾತ್ರ ನನ್ನ ಇಡೀ ಸೇವಾವಧಿಯಲ್ಲಿ ಒಂದು ಪತ್ರದಲ್ಲಿಯೂ ನಾನು ಓದಲಿಲ್ಲ. ಅದೊಂದು ಕೊರತೆ ಎಂದು ಆಗ ನನಗೆ ತೋರಿಯೂ ಇರಲಿಲ್ಲ. ನನ್ನ ಸ್ವಂತ ಮಗ ಮತ್ತು ಸೊಸೆ ಬೇರೆಯಾಗಿ, ಅವರ ನಾಯಿ ನನ್ನ ಅಂಗಳಕ್ಕೆ ಬಂದು ನಿಂತ ಮೇಲೆ ತೋರಿತು.

ಅವರಿಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದವರು. ಮದುವೆಯಾದ ಎರಡನೆಯ ವರ್ಷ, ಮಳೆಯಲ್ಲಿ ಚರಂಡಿಯ ಪಕ್ಕ ನಡುಗುತ್ತಾ ಕುಳಿತಿದ್ದ ಕಪ್ಪು ಮರಿಯೊಂದನ್ನು ಸೊಸೆ ದುಪಟ್ಟಾದಲ್ಲಿ ಸುತ್ತಿಕೊಂಡು ಮನೆಗೆ ತಂದಳು. ಕರಿಯ ಎಂದು ಹೆಸರಿಟ್ಟವನು ಮಗ. ಮೊದಲ ಲಸಿಕೆಯ ದಿನ ಹಣ ಹೋದದ್ದು ಮಗನ ಫೋನಿನಿಂದಾದ್ದರಿಂದ ಲಸಿಕೆ ಕಾರ್ಡಿನಲ್ಲಿ ‘ಮಾಲೀಕರು’ ಎಂಬಲ್ಲಿ ಅವನ ಹೆಸರು ಬಿತ್ತು. ಆ ಕಾರ್ಡನ್ನು ನಾನು ಆಮೇಲೆ ಎಷ್ಟೋ ಸಲ ತಿರುವಿ ನೋಡಿದ್ದೇನೆ. ರೇಬೀಸ್ ಲಸಿಕೆಯ ಬಾಟಲಿಯಿಂದ ಕಿತ್ತು ಅಂಟಿಸಿದ ಪುಟ್ಟ ಚೀಟಿಗಳು, ಪಕ್ಕದಲ್ಲಿ ವೈದ್ಯರ ಸಹಿ, ಅದರ ಮುಂದೆ ಮತ್ತೆ ಬರಬೇಕಾದ ದಿನಾಂಕ. ಆ ಒಂದೊಂದು ದಿನಾಂಕಕ್ಕೂ ರಜೆ ಹಾಕಿ ನಾಯಿಯನ್ನು ಆಟೋದಲ್ಲಿ ಕೂರಿಸಿಕೊಂಡು ಹೋದವಳು ಸೊಸೆ. ಅದನ್ನು ಬರೆದಿಡಲು ಕಾರ್ಡಿನಲ್ಲಿ ಕಾಲಂ ಇಲ್ಲ.

ಇಬ್ಬರೂ ಬೇರೆ ಬೇರೆ ಬಾಡಿಗೆ ಮನೆ ಹಿಡಿದಾಗ ಎರಡೂ ಕಡೆ ಮಾಲೀಕರು ನಾಯಿ ಬೇಡವೆಂದರು. ಒಂದು ಶನಿವಾರ ರಾತ್ರಿ ಮಗ ಕಾರಿನಲ್ಲಿ ಕರೆತಂದು, “ಸದ್ಯಕ್ಕೆ ತೋಟದಲ್ಲಿ ಇರಲಿ ಅಪ್ಪಾ, ಅವನಿಗೂ ಓಡಾಡಲು ಜಾಗ ಸಿಗುತ್ತದೆ” ಎಂದು ಬಿಟ್ಟುಹೋದ. ಸದ್ಯಕ್ಕೆ ಎಂದದ್ದು ಎರಡು ಮಳೆಗಾಲ ದಾಟಿತು.

ಓಡಾಡಲು ಜಾಗ ಸಿಗುತ್ತದೆ ಎಂಬ ಈ ಮಾತಿನ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಕೊಡಗಿನಲ್ಲಿ ಹೆತ್ತವರ ತೋಟ ಇರುವ ಬೆಂಗಳೂರು, ಮೈಸೂರಿನ ದಂಪತಿಗಳೆಲ್ಲರ ಬಾಯಲ್ಲಿಯೂ ಇದೇ ಮಾತು ಕೇಳುತ್ತಿದ್ದೇನೆ. ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ಬೆಳೆದ ನಾಯಿಗೆ ಶಾಂತಳ್ಳಿಯ ಜುಲೈ ತಿಂಗಳು ಎಂದರೆ ಏನೆಂದು ಅವರಿಗೆ ತಿಳಿದಂತಿಲ್ಲ. ಕರಿಯನ ಬೆರಳುಗಳ ಸಂದಿಯಿಂದ ನನ್ನ ಹೆಂಡತಿ ದಿನಕ್ಕೆ ಹತ್ತು ಹನ್ನೆರಡು ಜಿಗಣೆಗಳನ್ನು ಉಪ್ಪು ಮುಟ್ಟಿಸಿ ಬಿಡಿಸುತ್ತಿದ್ದಳು. ಒಂದು ವಾರ ಅವನು ಸೀನಿದಾಗಲೆಲ್ಲ ಅಂಗಳದ ಸಿಮೆಂಟಿನ ಮೇಲೆ ರಕ್ತದ ಹನಿ ಬೀಳತೊಡಗಿತು. ಪಶು ಆಸ್ಪತ್ರೆಯ ವೈದ್ಯರು ಬೆಳಿಗ್ಗೆಯಿಂದ ನೀರು ಕೊಡದೆ ಕರೆತರಲು ಹೇಳಿ, ಮೂಗಿನ ಮುಂದೆ ಒಂದು ಬಟ್ಟಲು ತಣ್ಣೀರು ಹಿಡಿದು ಕಾದರು. ನೀರಿನ ಆಸೆಗೆ ಮೂಗಿನ ಹೊಳ್ಳೆಯಿಂದ ಹೊರಗೆ ಇಣುಕಿದ ಜಿಗಣೆಯನ್ನು ಇಕ್ಕಳದಲ್ಲಿ ಹಿಡಿದು ಎಳೆದರು. ಊರಿನಲ್ಲಿ ಹುಟ್ಟಿದ ನಾಯಿಗಳಿಗೆ ಇದು ಆಗುವುದಿಲ್ಲ ಎಂದಲ್ಲ. ಆದರೆ ಅವು ಯಾವ ಹೊತ್ತಿನಲ್ಲಿ ಅಂಗಳ ಬಿಡಬಾರದು ಎಂಬುದನ್ನು ತಾಯಿಯ ಜೊತೆಯಲ್ಲಿಯೇ ಕಲಿತಿರುತ್ತವೆ. ಕರಿಯನಿಗೆ ಚಿರತೆಯ ವಾಸನೆ ತಿಳಿಯದು. ಹಂದಿಗೆಂದು ಕದ್ದು ಹಾಕಿದ ತಂತಿಯ ಉರುಳು ಬೇಲಿಯ ಯಾವ ಕಂಡಿಯಲ್ಲಿರುತ್ತದೆ ಎಂಬುದೂ ತಿಳಿಯದು. ಹಾಗಾಗಿ ಓಡಾಡಲು ಜಾಗವಿರುವ ತೋಟದಲ್ಲಿ ಅವನು ಸಂಜೆ ಐದರಿಂದ ಬೆಳಗಿನ ಏಳರವರೆಗೆ ಗೂಡಿನಲ್ಲಿಯೂ, ಉಳಿದ ಹೊತ್ತಿನ ಬಹುಪಾಲು ಸರಪಳಿಯಲ್ಲಿಯೂ ಇದ್ದ.

ನಮ್ಮ ಮನೆಯಲ್ಲಿ ಉಪ್ಪು ಮುಟ್ಟಿಸುವವರಾದರೂ ಇದ್ದರು. ಹೋಂಸ್ಟೇ ನಡೆಸುವ ಪರಿಚಯದವರ ಬಳಿ, ಲೈನ್ ಮನೆಯ (ತೋಟದ ಕೂಲಿಯವರ ಸಾಲುಮನೆಯ) ಕೆಲಸದವರ ಬಳಿ ‘ಸ್ವಲ್ಪ ದಿನ’ ಎಂದು ಬಿಟ್ಟುಹೋದ ನಾಯಿಗಳನ್ನು ನಾನು ಕಂಡಿದ್ದೇನೆ. ಕಾಫಿ ಕೊಯ್ಲು ಮುಗಿದು ಲೈನ್ ಮನೆಯ ಸಂಸಾರ ಬೇರೆ ತೋಟಕ್ಕೆ ಹೋದರೆ ನಾಯಿ ರಸ್ತೆಗೆ ಬರುತ್ತದೆ. ನಮ್ಮ ಹೋಬಳಿಯ ಬಗಲಿಗೇ ಪುಷ್ಪಗಿರಿ ವನ್ಯಧಾಮವಿದೆ; ಹಸಿದ ನಾಯಿಗಳು ಗುಂಪುಗಟ್ಟಿ ಕಾಡಿನ ಅಂಚಿಗೆ ಹೋಗಿ ಜಿಂಕೆ ಅಟ್ಟುವುದು ಹೊಸ ಸಂಗತಿಯೇನಲ್ಲ, ಲಸಿಕೆ ತಪ್ಪಿದ ನಾಯಿಯಿಂದ ಡಿಸ್ಟೆಂಪರ್, ರೇಬೀಸ್‌ನಂತಹ ರೋಗಗಳು ಕಾಡಿನ ಪ್ರಾಣಿಗಳಿಗೆ ದಾಟುವುದೂ ಉಂಟು. ಅನ್ನ ನೀರಿಲ್ಲದೆ ನರಳುವಂತೆ ಸಾಕುಪ್ರಾಣಿಯನ್ನು ಸಕಾರಣವಿಲ್ಲದೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನಡಿ ಅಪರಾಧ. ಮೊದಲ ಸಲದ ತಪ್ಪಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಸಂತೆಯಲ್ಲಿ ಎರಡು ಕಟ್ಟು ಸೊಪ್ಪಿಗೆ ಆಗುವ ಹಣ.

ಇನ್ನು ನಾನು ಮಾಡಿದ ತಪ್ಪನ್ನು ಹೇಳುತ್ತೇನೆ. ವಿಚ್ಛೇದನದ ಅರ್ಜಿ ಹಾಕಿದ ಕೆಲವು ದಿನಗಳಲ್ಲಿ ಸೊಸೆ ಫೋನ್ ಮಾಡಿದಳು. ಕೆಲಸವನ್ನು ಮೈಸೂರಿಗೆ ಬದಲಿಸಿಕೊಂಡಿದ್ದಳು, ಹಿತ್ತಲಿರುವ ನೆಲಮನೆ ಸಿಕ್ಕಿತ್ತು. “ಮಾವ, ಕರಿಯನನ್ನು ನಾನು ಕರೆದುಕೊಂಡು ಹೋಗಲಾ?” ಎಂದು ಕೇಳಿದಳು. ಮೂವತ್ತೊಂದು ವರ್ಷ ಕಾಗದ ನೋಡಿಯೇ ಮಾತಾಡಿದ ನನ್ನ ನಾಲಿಗೆ, “ಕಾರ್ಡ್ ಯಾರ ಹೆಸರಿನಲ್ಲಿದೆಯೋ ಅವನನ್ನು ಕೇಳಮ್ಮ” ಎಂದುಬಿಟ್ಟಿತು. ಅವಳು ಮರುಮಾತಾಡದೆ ಫೋನ್ ಇಟ್ಟಳು. ವಿಷಯ ತಿಳಿದ ಮಗ, ಅದುವರೆಗೆ ತಿಂಗಳಿಗೊಮ್ಮೆಯೂ ನಾಯಿಯನ್ನು ನೋಡಲು ಬಾರದವನು, ಮರುವಾರವೇ ಬಂದು ಅದನ್ನು ಬೆಂಗಳೂರಿಗೆ ಕರೆದೊಯ್ದ. ನಾಯಿ ಬೇಕೆಂದಲ್ಲ, ಸೋಲಬಾರದೆಂದು ಎಂದು ನಾನು ಅವನ ತಂದೆಯಾಗಿಯೇ ಹೇಳುತ್ತಿದ್ದೇನೆ. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ಹಾಕಿದರೆ ರಾತ್ರಿ ಎಂಟಕ್ಕೆ ತೆಗೆಯುವ ಆ ಮನೆಯಲ್ಲಿ ಕರಿಯ ತನ್ನ ಮುಂಗಾಲನ್ನು ತಾನೇ ನೆಕ್ಕಿ ನೆಕ್ಕಿ ರೂಪಾಯಿಯಗಲ ಹುಣ್ಣು ಮಾಡಿಕೊಂಡ. ಮುಲಾಮು ಹಚ್ಚಿದರೆ ಅದನ್ನೂ ನೆಕ್ಕಿದ. ಕುತ್ತಿಗೆಗೆ ಪ್ಲಾಸ್ಟಿಕ್ಕಿನ ಕೊಳವೆಪಟ್ಟಿ ಹಾಕಿದರೆ ಗೋಡೆಗೆ ಉಜ್ಜಿ ಒಡೆದ. ವೈದ್ಯರು ಇದು ಚರ್ಮದ ಕಾಯಿಲೆಗಿಂತ ಒಂಟಿತನದ ಬೇನೆ ಎಂದರಂತೆ. ನಾಲ್ಕು ತಿಂಗಳ ನಂತರ ಅವನು ಮತ್ತೆ ನಮ್ಮ ಅಂಗಳಕ್ಕೆ ಬಂದಿಳಿದಾಗ ಮುಂಗಾಲಿನ ಆ ಜಾಗದಲ್ಲಿ ಕೂದಲಿರಲಿಲ್ಲ. ಆ ಹೊತ್ತಿಗೆ ನ್ಯಾಯಾಲಯದ ಆದೇಶವೂ ಬಂದಾಗಿತ್ತು. ಹನ್ನೊಂದು ಪ್ಯಾರಾಗಳ ರಾಜಿ ಪತ್ರ. ಅದರಲ್ಲಿ ಒಂದು ಪ್ಯಾರಾ ಪೂರ್ತಿ ವಾಷಿಂಗ್ ಮೆಷಿನ್ನಿಗೆ ಮೀಸಲು.

ಕಾನೂನಿನಲ್ಲಿ ಇದಕ್ಕೆ ದಾರಿಯೇ ಇಲ್ಲವೇ ಎಂದು ಓದುಗರು ಕೇಳಬಹುದು. ಸಾಕುಪ್ರಾಣಿ ನಮ್ಮ ಕಾನೂನಿನ ಕಣ್ಣಿಗೆ ಇಂದಿಗೂ ಚರಾಸ್ತಿ. ಹಿಂದೂ ವಿವಾಹ ಕಾಯ್ದೆಯ 26ನೆಯ ಕಲಮು ಮಕ್ಕಳ ಪಾಲನೆಯ ವಿಷಯ ಹೇಳುತ್ತದೆ, 27ನೆಯ ಕಲಮು ಮದುವೆಯ ಸಮಯದಲ್ಲಿ ಅಥವಾ ಅದರ ಆಸುಪಾಸಿನಲ್ಲಿ ಉಡುಗೊರೆಯಾಗಿ ಬಂದು ಇಬ್ಬರಿಗೂ ಸೇರಿದ ಆಸ್ತಿಯ ವಿಷಯ ಹೇಳುತ್ತದೆ. ಮದುವೆಯಾಗಿ ಎರಡು ವರ್ಷಕ್ಕೆ ಚರಂಡಿಯ ಪಕ್ಕ ಸಿಕ್ಕಿದ ನಾಯಿಮರಿ ಮೊದಲನೆಯದರಲ್ಲಿ ಮಗುವಲ್ಲ, ಎರಡನೆಯದರಲ್ಲಿ ಉಡುಗೊರೆಯೂ ಅಲ್ಲ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 7ನೆಯ ಕಲಮು ದಂಪತಿಯ ಅಥವಾ ಅವರಲ್ಲೊಬ್ಬರ ಆಸ್ತಿಯ ದಾವೆಗಳನ್ನು ವಿಚಾರಣೆಗೆ ಒಳಪಡಿಸುವುದರಿಂದ ಆ ಬಾಗಿಲು ತಟ್ಟಬಹುದು. ಹಣದ ಪರಿಹಾರ ಸಾಲದ ವಸ್ತುವನ್ನು ಅದೇ ರೂಪದಲ್ಲಿ ಹಿಂದಕ್ಕೆ ಕೊಡಿಸುವ ಅವಕಾಶ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 8ನೆಯ ಕಲಮಿನಲ್ಲಿಯೂ ಇದೆ. ಆದರೆ ದಾವೆ ಎಂದರೆ ಸಾಕ್ಷಿ, ವಾಯಿದೆ, ವರ್ಷಗಳು. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೇ ಒಂದು ವರ್ಷ ಬೇರೆಯಾಗಿ ಇದ್ದಿರಬೇಕು, ಅರ್ಜಿ ಹಾಕಿದ ಮೇಲೆ ಸಾಮಾನ್ಯವಾಗಿ ಮತ್ತೆ ಆರು ತಿಂಗಳು ಕಾಯಬೇಕು. ಈ ಆರು ತಿಂಗಳನ್ನು ಸೂಕ್ತ ಪ್ರಕರಣಗಳಲ್ಲಿ ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆಯಾದರೂ ಎಲ್ಲರಿಗೂ ಅದು ಸಿಗುವುದಿಲ್ಲ. ಹನ್ನೆರಡು ವರ್ಷ ಬದುಕುವ ನಾಯಿಗೆ ಒಂದೂವರೆ ವರ್ಷ ಎಂದರೆ ಆಯಸ್ಸಿನ ಎಂಟನೆಯ ಒಂದು ಪಾಲು.

ಹಳಬರು ಈ ವಿಷಯದಲ್ಲಿ ನಮಗಿಂತ ಚುರುಕಾಗಿದ್ದರೆಂದು ನನಗೆ ಅನಿಸುವುದುಂಟು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಹಳ್ಳಿಯೊಂದರ ಗಂಡ ಹೆಂಡತಿಯ ವ್ಯಾಜ್ಯದಲ್ಲಿ ತವರಿನವರು ಬಳುವಳಿಯಾಗಿ ಕೊಟ್ಟಿದ್ದ ಹಸುವಿನ ಪ್ರಸ್ತಾಪ ಬಂತು. ಹಸು ಹೆಣ್ಣಿನ ಜೊತೆಗೆ ಹೋಗಬೇಕೆಂಬುದರಲ್ಲಿ ಎರಡೂ ಕಡೆಯ ಹಿರಿಯರಿಗೆ ಸಂಶಯವೇ ಇರಲಿಲ್ಲ. ತಕರಾರು ಇದ್ದದ್ದು ಗಂಡನ ಕೊಟ್ಟಿಗೆಯಲ್ಲಿ ಹುಟ್ಟಿದ ಕರುವಿನ ಬಗ್ಗೆ. ಆಗ ಊರಿನ ಅಜ್ಜನೊಬ್ಬರು, ಹಾಲು ಕುಡಿಯುವ ಕರುವನ್ನು ಬಿಟ್ಟು ಹಸು ಹೊರಡುವುದಿಲ್ಲ, ನೀವು ಬೇಕಾದರೆ ಎಳೆದು ನೋಡಿ ಎಂದರು. ಕರುವೂ ಹೋಯಿತು. ಹಾಲು ಕೊಡುವ ಪ್ರಾಣಿಯಾದ್ದರಿಂದ ಹಸು ಲೆಕ್ಕಕ್ಕೆ ಬಂತು ಎಂದು ಯಾರಾದರೂ ಹೇಳಬಹುದು, ಅದು ನಿಜವೂ ಹೌದು. ನನ್ನ ಗಮನ ಹೋಗುವುದು ಆ ಅಜ್ಜನ ಮಾತಿನ ಕಡೆಗೆ: ಅವರು ಕರು ಯಾರ ಕೊಟ್ಟಿಗೆಯಲ್ಲಿ ಹುಟ್ಟಿತು ಎಂದು ಕೇಳಲಿಲ್ಲ, ಅದು ಯಾರನ್ನು ಬಿಟ್ಟು ಬದುಕದು ಎಂದು ಕೇಳಿದರು. ಕೊಡಗಿನ ದೇವರಕಾಡುಗಳಲ್ಲಿ ಅಯ್ಯಪ್ಪನಿಗೆ ಮಣ್ಣಿನ ನಾಯಿಗಳನ್ನು ಹರಕೆ ಒಪ್ಪಿಸುವ ಪದ್ಧತಿ ಇಂದಿಗೂ ಇದೆ. ನಾಯಿಯನ್ನು ದೇವರ ಸನ್ನಿಧಿಯವರೆಗೆ ಒಯ್ದ ನಾಡಿನವರಿಗೆ ಅದನ್ನು ಒಂದು ಪ್ಯಾರಾದೊಳಗೆ ತರುವುದು ಕಷ್ಟವಾಗಬಾರದು.

ನಮ್ಮ ಸಾರಿಗೆ ಸಂಸ್ಥೆ ನ್ಯಾಯಾಲಯಗಳಿಗಿಂತ ಒಂದು ಹೆಜ್ಜೆ ಮುಂದಿದೆ ಎಂದರೆ ತಮಾಷೆಯಾಗಿ ಕೇಳಬಹುದು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ಅಜ್ಜಿ ಮೊಮ್ಮಗಳಿಗೆ ಟಿಕೆಟ್ ಉಚಿತವಾಗಿದ್ದು, ಅವರ ಪಂಜರದಲ್ಲಿದ್ದ ನಾಲ್ಕು ಲವ್‌ಬರ್ಡ್‌ಗಳಿಗೆ ತಲಾ 111ರಂತೆ 444 ರೂಪಾಯಿ ಮಕ್ಕಳ ಟಿಕೆಟ್ ಹರಿದ ಸುದ್ದಿಯನ್ನು ಎಲ್ಲ ಪತ್ರಿಕೆಗಳೂ ಅಚ್ಚು ಹಾಕಿದ್ದವು. ಬಸ್ಸಿನಲ್ಲಿ ಮಗುವಾಗುವ ಪ್ರಾಣಿ ನ್ಯಾಯಾಲಯದ ಮೆಟ್ಟಿಲು ಹತ್ತಿದರೆ ಕುರ್ಚಿಯಾಗುತ್ತದೆ. ಹಾಗೆಂದು ನ್ಯಾಯಾಲಯಗಳೆಲ್ಲ ಕಣ್ಣು ಮುಚ್ಚಿ ಕುಳಿತಿವೆ ಎಂದೂ ಅಲ್ಲ. ಜಲ್ಲಿಕಟ್ಟು ಪ್ರಕರಣದ 2014ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹಸಿವು, ಭಯ, ನೋವುಗಳಿಂದ ಪ್ರಾಣಿಗಳಿಗೆ ಇರಬೇಕಾದ ಮುಕ್ತಿಯ ಬಗ್ಗೆ ವಿವರವಾಗಿ ಬರೆದಿದೆ. 2023ರಲ್ಲಿ ಮುಂಬೈನ ಬಾಂದ್ರಾದ ಮ್ಯಾಜಿಸ್ಟ್ರೇಟ್ ನ್ಯಾಯಾಲಯವೊಂದು, ಗಂಡನಿಂದ ಬೇರೆಯಾದ ಮಹಿಳೆಯೊಬ್ಬರಿಗೆ ತಿಂಗಳಿಗೆ 50,000 ರೂಪಾಯಿ ಮಧ್ಯಂತರ ಜೀವನಾಂಶ ಕೊಡಿಸುವಾಗ, ಅವರ ಆಶ್ರಯದಲ್ಲಿದ್ದ ಮೂರು ರಾಟ್‌ವೀಲರ್ ನಾಯಿಗಳ ಖರ್ಚನ್ನು ತಳ್ಳಿಹಾಕಬೇಕೆಂಬ ಗಂಡನ ವಾದವನ್ನು ಒಪ್ಪಲಿಲ್ಲ. ಇದು ಕೆಳಹಂತದ ನ್ಯಾಯಾಲಯದ ಆದೇಶ, ಬೇರೆಯವರನ್ನು ಕಟ್ಟಿಹಾಕುವುದಿಲ್ಲ. ಆದರೂ ನಾಯಿಯ ಅನ್ನ ಜೀವನಾಂಶದ ಲೆಕ್ಕದೊಳಗೆ ಸೇರಬಹುದೆಂದು ಒಬ್ಬ ನ್ಯಾಯಾಧೀಶರಾದರೂ ಬರೆದರು.

ಹೊರದೇಶಗಳಲ್ಲಿ ಇದಕ್ಕೆಂದೇ ಕಾನೂನು ಮಾಡಿಕೊಂಡಿದ್ದಾರೆ. ಅಮೆರಿಕದಲ್ಲಿ 2017ರಲ್ಲಿ ಮೊದಲಿಗೆ ಅಲಾಸ್ಕ, ಆಮೇಲೆ ಇಲಿನಾಯ್, ಕ್ಯಾಲಿಫೋರ್ನಿಯ, ನ್ಯೂಯಾರ್ಕ್ ರಾಜ್ಯಗಳು ವಿಚ್ಛೇದನದ ಸಮಯದಲ್ಲಿ ಸಾಕುಪ್ರಾಣಿಯ ಕ್ಷೇಮವನ್ನು ಗಮನಿಸಲು ನ್ಯಾಯಾಧೀಶರಿಗೆ ಅಧಿಕಾರ ಕೊಟ್ಟವು. ಸ್ಪೇನ್ 2022ರ ಜನವರಿಯಿಂದ ಪ್ರಾಣಿಗಳನ್ನು ವಸ್ತುವೆಂದು ಕರೆಯುವುದನ್ನೇ ನಿಲ್ಲಿಸಿ, ಬೇಕಿದ್ದರೆ ಇಬ್ಬರಿಗೂ ಪಾಲನೆ ಹಂಚಬಹುದು ಎಂದಿತು. ನನಗೆ ಹೆಚ್ಚು ಒಪ್ಪಿಗೆಯಾದದ್ದು ಕೆನಡಾದ ಬ್ರಿಟಿಷ್ ಕೊಲಂಬಿಯ ಪ್ರಾಂತ್ಯದಲ್ಲಿ 2024ರ ಜನವರಿಯಲ್ಲಿ ಜಾರಿಗೆ ಬಂದ ನಿಯಮ. ಪ್ರಾಣಿ ಮನೆಗೆ ಬಂದದ್ದು ಹೇಗೆ, ಆರೈಕೆ ಮಾಡಿದವರು ಯಾರು, ಮುಂದೆ ಮಾಡಲು ಮನಸ್ಸೂ ಶಕ್ತಿಯೂ ಯಾರಿಗಿದೆ, ಮನೆಯಲ್ಲಿ ಮಗುವಿದ್ದರೆ ಅದಕ್ಕೂ ಪ್ರಾಣಿಗೂ ಇರುವ ನಂಟು ಎಂಥದ್ದು, ಯಾರಾದರೂ ಪ್ರಾಣಿಯನ್ನು ಹಿಂಸಿಸಿದ್ದಾರೆಯೇ, ಮನೆಯಲ್ಲಿ ಹೊಡೆತ ಬಡಿತ ಇತ್ತೇ ಎಂಬುದನ್ನೆಲ್ಲ ಅಲ್ಲಿನ ನ್ಯಾಯಾಧೀಶರು ನೋಡಬೇಕು. ಕೊನೆಗೆ ಇಬ್ಬರಲ್ಲಿ ಒಬ್ಬರಿಗೇ ಕೊಡಬೇಕು, ಜಂಟಿಯಾಗಿ ಇಟ್ಟುಕೊಳ್ಳಿ ಎಂದು ಆದೇಶಿಸುವಂತಿಲ್ಲ.

ಒಬ್ಬರಿಗೇ ಕೊಡಬೇಕು ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ವಾರ ಇಲ್ಲಿ ವಾರ ಅಲ್ಲಿ ಎಂಬ ಏರ್ಪಾಡು ಕೇಳಲು ನ್ಯಾಯವಾಗಿ ಕಾಣುತ್ತದೆ, ಏಕೆಂದರೆ ಅದು ಇಬ್ಬರು ಮನುಷ್ಯರಿಗೆ ಸಮನಾಗಿ ಹಂಚುತ್ತದೆ. ಆದರೆ ಮಗುವಿಗಾದರೆ ಶಾಲೆಯ ಕ್ಯಾಲೆಂಡರ್ ತೋರಿಸಿ, ಬರುವ ಶನಿವಾರ ಅಮ್ಮನ ಮನೆ ಎಂದು ಹೇಳಬಹುದು. ನಾಯಿಗೆ ಪ್ರತಿ ಸಲ ಹೊರಡುವುದೂ ಕೊನೆಯ ಸಲದಂತೆಯೇ. ಕುಶಾಲನಗರದಿಂದ ಬೆಂಗಳೂರಿಗೆ ಐದು ಗಂಟೆ ಕಾರಿನ ಹಿಂದಿನ ಸೀಟಿನಲ್ಲಿ ವಾಂತಿ ಮಾಡುತ್ತಾ ಹೋಗುವ ಪ್ರಾಣಿಗೆ ಸಮಪಾಲಿನಿಂದ ಏನು ಸುಖ? ಇನ್ನೊಂದು ಅಪಾಯವೂ ಇದೆ, ಇದನ್ನು ನಾನು ಮಧ್ಯಸ್ಥಿಕೆಯ ಕೋಣೆಗಳ ಹೊರಗೆ ಬೆಂಚಿನ ಮೇಲೆ ಕುಳಿತು ಅತ್ತ ಹೆಣ್ಣುಮಕ್ಕಳನ್ನು ನೋಡಿದವನಾಗಿ ಬರೆಯುತ್ತಿದ್ದೇನೆ: ಬಿಟ್ಟುಬಂದ ಗಂಡ ವಾರಕ್ಕೊಮ್ಮೆ ಬಾಗಿಲು ಬಡಿಯಲು ನಾಯಿ ಒಳ್ಳೆಯ ನೆಪವಾಗುತ್ತದೆ. ನೋಡಬೇಕೆನಿಸಿದರೆ ಮೊದಲೇ ಹೇಳಿ, ಬೇರೆ ಜಾಗದಲ್ಲಿ, ಅದೂ ಇಟ್ಟುಕೊಂಡವರು ಒಪ್ಪಿದರೆ ಮಾತ್ರ ನೋಡಲಿ.

ಹಾಗಾದರೆ ಯಾರಿಗೆ? ಬಿಲ್ಲು, ಕಾರ್ಡು, ಕೆನಲ್ ಕ್ಲಬ್ಬಿನ ಕಾಗದಗಳು ತಕ್ಕಡಿಯಲ್ಲಿ ಇರಲಿ, ಆದರೆ ಮೊದಲ ತೂಕ ಅವಕ್ಕಲ್ಲ. ಬೆಳಗಿನ ಜಾವ ಯಾರು ಹೊರಗೆ ಕರೆದೊಯ್ಯುತ್ತಿದ್ದರು, ಜ್ವರ ಬಂದ ರಾತ್ರಿ ಯಾರು ಎದ್ದು ಕುಳಿತರು, ಸಿಡಿಲು ಬಡಿದಾಗ ಅದು ಯಾರ ಮಂಚದ ಕೆಳಗೆ ಓಡುತ್ತದೆ ಎಂದು ಕೇಳಿದರೆ ಜಗಳವಾಡುವ ದಂಪತಿಗೂ ಉತ್ತರ ಗೊತ್ತಿರುತ್ತದೆ. ಎರಡನೆಯದು ಮುಂದಿನ ಮನೆ: ದಿನಕ್ಕೆ ಎಷ್ಟು ಗಂಟೆ ಬಾಗಿಲು ಹಾಕಿರುತ್ತದೆ, ಬಾಡಿಗೆ ಮನೆಯಾದರೆ ಮಾಲೀಕರು ಒಪ್ಪಿದ್ದಾರೆಯೇ. ಮಕ್ಕಳಿದ್ದರೆ ನಾಯಿ ಮಕ್ಕಳ ಜೊತೆ ಹೋಗಲಿ, ಅಪ್ಪ ಅಮ್ಮನಲ್ಲಿ ಒಬ್ಬರನ್ನು ದಿನವೂ ಕಾಣದಂತಾಗುವ ಮಗುವಿನಿಂದ ನಾಯಿಯನ್ನೂ ಕಿತ್ತುಕೊಳ್ಳುವುದು ಬೇಡ. ಬೆಕ್ಕಿನ ಮಾತು ಬೇರೆ. ಅದು ಜನಕ್ಕಿಂತ ಜಾಗಕ್ಕೆ ಅಂಟಿಕೊಳ್ಳುವ ಪ್ರಾಣಿಯಾದ್ದರಿಂದ ಸಾಮಾನ್ಯವಾಗಿ ಮನೆ ಉಳಿಸಿಕೊಂಡವರಲ್ಲಿಯೇ ಉಳಿಯುವುದು ಲೇಸು. ಜೊತೆಯಾಗಿ ಬೆಳೆದ ಎರಡು ನಾಯಿಗಳನ್ನು ಒಂದೊಂದರಂತೆ ಹಂಚುವುದಂತೂ ನನಗೆ ಅಜ್ಜನ ಕರುವಿನ ಮಾತನ್ನೇ ನೆನಪಿಸುತ್ತದೆ.

ಹಣದ ವಿಷಯಕ್ಕೆ ನಾಚಿಕೆ ಬೇಡ. ಕರಿಯನ ಊಟ, ಲಸಿಕೆ, ಉಣ್ಣಿಯ ಔಷಧಿ ಸೇರಿ ನಮಗೆ ತಿಂಗಳಿಗೆ ಮೂರು ಸಾವಿರದ ಹತ್ತಿರ ಆಗುತ್ತಿತ್ತು. ಉಣ್ಣಿ ಜ್ವರ ಬಂದ ತಿಂಗಳು ರಕ್ತಪರೀಕ್ಷೆ, ಡ್ರಿಪ್ ಎಂದು ಅದರ ನಾಲ್ಕರಷ್ಟಾಯಿತು. ಇಟ್ಟುಕೊಂಡವರ ಸಂಬಳ ಕಡಿಮೆಯಿದ್ದರೆ ಇನ್ನೊಬ್ಬರು ಪಾಲು ಕೊಡಬೇಕೆಂದು ಬರೆಯುವುದರಲ್ಲಿ ತಪ್ಪಿಲ್ಲ. ಕೊಟ್ಟ ಹಣಕ್ಕೆ ನಾಯಿಯ ಮೇಲೆ ಹಕ್ಕು ಹುಟ್ಟುವುದಿಲ್ಲ ಎಂಬುದನ್ನೂ ಅಲ್ಲಿಯೇ ಬರೆದುಬಿಡಬೇಕು.

ಕರಿಯ ಎರಡನೆಯ ಸಲ ನಮ್ಮಲ್ಲಿಗೆ ಬಂದ ಒಂಬತ್ತನೆಯ ದಿನ ನಾನೇ ಸೊಸೆಗೆ ಫೋನ್ ಮಾಡಿದೆ. ಕಾನೂನಿನ ಪ್ರಕಾರ ಅವಳು ನನ್ನ ಸೊಸೆಯಲ್ಲ, ಆದರೆ ಬೇರೆ ಹೆಸರಿನಿಂದ ಕರೆಯಲು ನನಗೆ ಬರುವುದಿಲ್ಲ. ಮಗನಿಗೆ ಮೊದಲೇ ಹೇಳಿದ್ದೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ನೀವೇ ತೀರ್ಮಾನ ಮಾಡಿ ಅಪ್ಪಾ” ಎಂದ. ಅವಳು ಭಾನುವಾರ ಬೆಳಿಗ್ಗೆ ಬಂದಳು. ಗೇಟಿನ ಹತ್ತಿರ ಆಟೋ ನಿಂತ ಸದ್ದಿಗೆ ಕರಿಯ ಬೊಗಳಲಿಲ್ಲ, ಎದ್ದು ನಿಂತು ನಡುಗಿದ. ಅವಳು ಮೊದಲು ಹಿಡಿದು ನೋಡಿದ್ದು ಅವನ ಮುಂಗಾಲನ್ನು. ನನ್ನ ಮುಖ ನೋಡಲಿಲ್ಲ, ನೋಡಿದ್ದರೆ ನಾನು ಏನು ಹೇಳುತ್ತಿದ್ದೆನೋ ತಿಳಿಯದು. ಊಟ ಮಾಡಿ ಹೋಗು ಎಂದು ನನ್ನ ಹೆಂಡತಿ ಒತ್ತಾಯಿಸಿದಾಗ ಒಂದು ಅಕ್ಕಿರೊಟ್ಟಿ ತಿಂದು, ಅರ್ಧ ಅವನಿಗೆ ಹಾಕಿ ಹೊರಟಳು. ಈಗ ಮೈಸೂರಿನಲ್ಲಿದ್ದಾನೆ. ಕಳೆದ ಲಸಿಕೆಯ ದಿನ ಅಲ್ಲಿನ ವೈದ್ಯರು ಕಾರ್ಡಿನಲ್ಲಿದ್ದ ಮಗನ ಹೆಸರಿನ ಮೇಲೆ ಗೆರೆ ಎಳೆದು, ಅವಳ ಹೆಸರು ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದ್ದಾರೆ. ದಾಖಲೆಯಲ್ಲಿ ತಿದ್ದುಪಡಿ ಮಾಡುವ ಸರಿಯಾದ ಕ್ರಮವೂ ಅದೇ.

ನಮ್ಮ ಮನೆಯಲ್ಲಿ ಇದು ಮುಗಿಯಿತು, ಅದೃಷ್ಟದಿಂದ ಮುಗಿಯಿತು. ಎಲ್ಲ ಮನೆಗಳಲ್ಲಿಯೂ ತಪ್ಪು ಮಾಡಿ ತಿದ್ದಿಕೊಳ್ಳುವಷ್ಟು ವ್ಯವಧಾನ ಇರುವುದಿಲ್ಲ. ಹೊಸ ಕಾನೂನು ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೆಯ ಆದೇಶದ 3ನೆಯ ನಿಯಮದಂತೆ, ದಾವೆಯ ಮೂಲ ವಿಷಯದಲ್ಲಿ ಇಲ್ಲದ ಸಂಗತಿಯ ಬಗ್ಗೆಯೂ ಕಕ್ಷಿದಾರರು ಕಾನೂನುಬದ್ಧವಾಗಿ ರಾಜಿ ಮಾಡಿಕೊಂಡರೆ ನ್ಯಾಯಾಲಯ ಅದನ್ನು ಡಿಕ್ರಿಯಲ್ಲಿ, ಅಂದರೆ ತನ್ನ ಅಂತಿಮ ಆದೇಶದಲ್ಲಿ, ಸೇರಿಸಬಹುದು. ಕುಕ್ಕರಿಗೆ ಸಿಕ್ಕಿದ ಜಾಗ ನಾಯಿಗೂ ಸಿಗಲು ಅಡ್ಡಿಯಿಲ್ಲ, ಯಾರಾದರೂ ಕೇಳಬೇಕು ಅಷ್ಟೆ. ಆದ್ದರಿಂದ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ, ಪೊನ್ನಂಪೇಟೆಯ ವಕೀಲ ಮಿತ್ರರಲ್ಲಿ ನನ್ನ ವಿನಂತಿ ಏನೆಂದರೆ, ಜಂಟಿ ಅರ್ಜಿಯ ಕರಡು ಮಾಡಲು ದಂಪತಿ ಎದುರಿಗೆ ಕುಳಿತಾಗ, ಮಕ್ಕಳೆಷ್ಟು ಎಂದು ಕೇಳಿದ ಉಸಿರಿನಲ್ಲಿಯೇ ಮನೆಯಲ್ಲಿ ಸಾಕಿದ ಪ್ರಾಣಿ ಇದೆಯೇ ಎಂದೂ ಕೇಳಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದವರು ಮಧ್ಯಸ್ಥಗಾರರ ಪ್ರಶ್ನೆಗಳಲ್ಲಿ ಇದನ್ನೊಂದು ಸೇರಿಸಲಿ. ಪಶುವೈದ್ಯರು ಕಾರ್ಡ್ ಬರೆಯುವಾಗ ಗಂಡ ಹೆಂಡತಿ ಇಬ್ಬರೂ ಬಂದಿದ್ದರೆ ಇಬ್ಬರ ಹೆಸರನ್ನೂ ಬರೆಯಲಿ, ಮತ್ತು ಪ್ರತಿ ಸಲ ಕರೆತಂದವರ ಸಹಿಯನ್ನು ದಿನಾಂಕದ ಮುಂದೆ ಪಡೆಯಲಿ.

ಮೊನ್ನೆ ಪರಿಚಯದ ಯುವ ವಕೀಲರೊಬ್ಬರು ಕೇಳಿದ್ದಕ್ಕೆ ಒಂದು ಪ್ಯಾರಾ ಬರೆದುಕೊಟ್ಟೆ. ಅದನ್ನು ಇಲ್ಲಿ ಕೊಡುತ್ತಿದ್ದೇನೆ, ಬೇಕಾದವರು ಹೆಸರು ಬದಲಿಸಿ ಬಳಸಬಹುದು: “ಉಭಯ ಅರ್ಜಿದಾರರು ವಿವಾಹದ ಅವಧಿಯಲ್ಲಿ ಸಾಕಿದ, ಸುಮಾರು ನಾಲ್ಕು ವರ್ಷ ಪ್ರಾಯದ, ಕಂದು ಬಣ್ಣದ ಹೆಣ್ಣು ನಾಯಿಯು ಈ ದಿನದಿಂದ ಎರಡನೆಯ ಅರ್ಜಿದಾರರ ಪಾಲನೆಯಲ್ಲಿ ಇರತಕ್ಕದ್ದು. ಅದರ ಲಸಿಕೆ ಕಾರ್ಡ್, ಪರವಾನಗಿ ಮತ್ತು ಚಿಕಿತ್ಸೆಯ ಕಾಗದಗಳನ್ನು ಮೊದಲನೆಯ ಅರ್ಜಿದಾರರು ಏಳು ದಿನಗಳೊಳಗೆ ಒಪ್ಪಿಸತಕ್ಕದ್ದು. ಚಿಕಿತ್ಸೆಯ ಖರ್ಚಿನಲ್ಲಿ ಅರ್ಧವನ್ನು ಮೊದಲನೆಯ ಅರ್ಜಿದಾರರು ಭರಿಸತಕ್ಕದ್ದು; ಹಾಗೆ ಭರಿಸಿದ ಮಾತ್ರಕ್ಕೆ ಅವರಿಗೆ ಪಾಲನೆಯ ಹಕ್ಕು ಪ್ರಾಪ್ತವಾಗುವುದಿಲ್ಲ. ಎರಡನೆಯ ಅರ್ಜಿದಾರರಿಗೆ ಸಾಕಲು ಸಾಧ್ಯವಾಗದ ಸಂದರ್ಭ ಬಂದಲ್ಲಿ ಬೇರೆ ಯಾರಿಗೂ ಕೊಡುವ ಮೊದಲು ಮೊದಲನೆಯ ಅರ್ಜಿದಾರರನ್ನು ಲಿಖಿತವಾಗಿ ಕೇಳತಕ್ಕದ್ದು. ಇಬ್ಬರಲ್ಲಿ ಯಾರೂ ಅದನ್ನು ತಮ್ಮ ಹೆತ್ತವರ ತೋಟದಲ್ಲಿ, ಅವರ ಒಪ್ಪಿಗೆ ಪಡೆಯದೆ, ಬಿಟ್ಟುಬರತಕ್ಕದ್ದಲ್ಲ.”

ಕೊನೆಯ ವಾಕ್ಯ ಬೇಕೇ ಎಂದು ಆ ವಕೀಲರು ನಕ್ಕರು. ಬೇಕು ಎಂದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಿರಸ್ತೇದಾರ,
ಶಾಂತಳ್ಳಿ ಹೋಬಳಿ, ಸೋಮವಾರಪೇಟೆ ತಾಲ್ಲೂಕು, ಕೊಡಗು
(ಮನೆಯ ವಿಷಯವಾದ್ದರಿಂದ ಹೆಸರು ಪ್ರಕಟಿಸಬಾರದಾಗಿ ಕೋರಿಕೆ)